ಮಾತು ತಪ್ಪಿದ ದಿನ

ಹಣ ಕೊಟ್ಟು ಸೇವೆ ಪಡೆಯುವ ನಾವು ನಿಜವಾಗಿ ಕೊಳ್ಳುವುದು ಏನನ್ನು? ವಿಮಾನದ ಟಿಕೆಟ್ಟು, ಬ್ಯಾಂಕಿನ ಖಾತೆ, ಆರೋಗ್ಯ ವಿಮೆ ಇವೆಲ್ಲ ನಾಳೆ ನಡೆಸಿಕೊಡುತ್ತೇವೆಂಬ ಮಾತುಗಳು. ಮಾತು ನಡೆಯುತ್ತಿರುವಷ್ಟು ದಿನ ಅದನ್ನು ಕೊಟ್ಟವರ ಗುಣ ನಮಗೆ ತಿಳಿಯುವುದಿಲ್ಲ. ತಿಳಿಯುವುದು ಅದು ತಪ್ಪಿದ ದಿನ.

2007ರ ಫೆಬ್ರುವರಿ 14ರಂದು ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದ ಮೇಲೆ ಮಂಜುಗಡ್ಡೆಯ ಮಳೆ ಸುರಿಯಿತು. ಅನೇಕ ಸಂಸ್ಥೆಗಳು ಬೇಗನೆ ಹಾರಾಟ ರದ್ದು ಮಾಡಿದವು. ಜೆಟ್‌ಬ್ಲೂ ಎಂಬ ವಿಮಾನ ಸಂಸ್ಥೆ ಕಾಯಿತು. ತಡವಾದರೂ ಸರಿ, ಪ್ರಯಾಣಿಕರನ್ನು ಊರು ಮುಟ್ಟಿಸಬೇಕೆಂಬುದು ಆಗ ಅದರ ಪದ್ಧತಿಯಾಗಿತ್ತು. ಆದರೆ ಮಳೆ ಬಿಡಲಿಲ್ಲ. ವಿಮಾನಗಳು ಮೇಲೇರಲೂ ಆಗದೆ, ಗೇಟುಗಳು ಖಾಲಿಯಿಲ್ಲದ್ದರಿಂದ ಹಿಂದಿರುಗಲೂ ಆಗದೆ ನೆಲದ ಮೇಲೆ ನಿಂತವು. ಆರು ಗಂಟೆಗೂ ಹೆಚ್ಚು ಕಾಲ ಜನ ಒಳಗೇ ಉಳಿದ ವಿಮಾನಗಳು ಒಂದೆರಡಲ್ಲ. ಆಮೇಲೆ ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಯಾವ ಪೈಲಟ್ ಎಲ್ಲಿದ್ದಾರೆಂಬುದು ಸಂಸ್ಥೆಗೇ ಸರಿಯಾಗಿ ತಿಳಿಯದಂತಾಯಿತು.

ಗಮನಿಸಬೇಕಾದದ್ದು, ಈ ತಪ್ಪು ಹುಟ್ಟಿದ್ದು ದುರಾಸೆಯಿಂದಲ್ಲ, ಒಂದು ಸದುದ್ದೇಶದಿಂದ. ಹವಾಮಾನದ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಬೇಕಿತ್ತೆ? ಸಂಸ್ಥಾಪಕ ಡೇವಿಡ್ ನೀಲ್‌ಮನ್ ಆ ದಾರಿ ಹಿಡಿಯಲಿಲ್ಲ. ನಮ್ಮ ವ್ಯವಸ್ಥೆಯೇ ಸೋತಿತೆಂದು ಬಹಿರಂಗವಾಗಿ ಒಪ್ಪಿಕೊಂಡರು. ವಾರ ಕಳೆಯುವಷ್ಟರಲ್ಲಿ ಸಂಸ್ಥೆ ಗ್ರಾಹಕರ ಹಕ್ಕುಪತ್ರವೊಂದನ್ನು ಹೊರಡಿಸಿತು: ಎಷ್ಟು ತಡವಾದರೆ ಎಷ್ಟು ಪರಿಹಾರವೆಂದು ಅದರಲ್ಲಿ ಬರೆದಿತ್ತು. ಆ ಫೆಬ್ರುವರಿ 14ರಂದು ನರಳಿದವರಿಗೂ ಅದನ್ನು ಅನ್ವಯಿಸಿದರು. ಕ್ಷಮೆಗೆ ತೂಕ ಬಂದದ್ದು ಇಲ್ಲಿ ಎಂದು ನನಗನಿಸುತ್ತದೆ. ಮುಂದೆ ತಪ್ಪಿದರೆ ತನಗೇ ನಷ್ಟವಾಗುವಂತೆ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳದವರ ವಿಷಾದವನ್ನು ನಾವು ಯಾವ ಆಧಾರದ ಮೇಲೆ ನಂಬಬೇಕು? ನೀಲ್‌ಮನ್ ಅವರಿಗೆ ಇದರಿಂದ ಲಾಭವಾಯಿತೆಂದಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಮುಖ್ಯ ಕಾರ್ಯನಿರ್ವಾಹಕ ಹುದ್ದೆ ಬಿಡಬೇಕಾಯಿತು. ಹಕ್ಕುಪತ್ರ ಉಳಿಯಿತು.

ತೊಂದರೆಯನ್ನು ಚೆನ್ನಾಗಿ ಸರಿಪಡಿಸಿದರೆ ಗ್ರಾಹಕರ ನಿಷ್ಠೆ ಮೊದಲಿಗಿಂತ ಹೆಚ್ಚುತ್ತದೆ ಎಂಬ ವಾದ ಮಾರುಕಟ್ಟೆ ಶಾಸ್ತ್ರದಲ್ಲಿದೆ. ಇದನ್ನು ಎಚ್ಚರದಿಂದ ಓದಬೇಕು. ಒಡೆದು ಬೆಸೆದ ಸಂಬಂಧ ಗಟ್ಟಿಯಾಗಬಹುದು, ನಿಜ. ಅದೇ ಜಾಗದಲ್ಲಿ ಮತ್ತೆ ಒಡೆದರೆ? ಮೊದಲನೆಯ ಕ್ಷಮೆಯೂ ಆಗ ಸುಳ್ಳೆನಿಸಿಬಿಡುತ್ತದೆ.

ನಮ್ಮಲ್ಲಿಯೂ ‘ಸೇವಾ ನ್ಯೂನತೆ’ಗೆ ಕಾನೂನಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದಿದೆ, ಜಿಲ್ಲೆಗಳಲ್ಲಿ ಗ್ರಾಹಕ ಆಯೋಗಗಳಿವೆ. ಅವು ಬೇಕೇ ಬೇಕು. ಆದರೆ ಆಯೋಗದ ಮೆಟ್ಟಿಲು ಹತ್ತುವ ಹೊತ್ತಿಗೆ ನಂಟು ಆಗಲೇ ಮುಗಿದಿರುತ್ತದೆ. ಉಳಿದಿರುವುದು ಲೆಕ್ಕ ಮಾತ್ರ. ಹಾಗೆ ಹೋಗುವ ಮುನ್ನ ನಮ್ಮಲ್ಲಿ ಹೆಚ್ಚಿನವರು ಬಯಸಿದ್ದು ಬಹಳ ಸಣ್ಣದು: ನಮ್ಮ ತೊಂದರೆಯನ್ನು ಪೂರ್ತಿ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಪರಿಹಾರವಾಗದ ದೂರು ‘ಇತ್ಯರ್ಥವಾಗಿದೆ’ ಎಂಬ ಸಂದೇಶ ಮೊಬೈಲಿಗೆ ಬಂದಾಗ ನೋಯುವುದು ಹೋದ ಹಣಕ್ಕಲ್ಲ, ನಾವು ಲೆಕ್ಕಕ್ಕೇ ಇಲ್ಲವೆಂಬುದಕ್ಕೆ.

ಆ ನೋವು ಸಿಟ್ಟಾಗಿ ಬೀಳುವುದು ಮಾತ್ರ ಕೌಂಟರಿನಲ್ಲಿ ಕುಳಿತ, ಫೋನೆತ್ತಿದ ಚಿಕ್ಕ ನೌಕರರ ಮೇಲೆ. ತಪ್ಪು ಅವರದ್ದಲ್ಲ, ಸರಿಪಡಿಸುವ ಅಧಿಕಾರವೂ ಅವರ ಕೈಯಲ್ಲಿಲ್ಲ. ಸಂಸ್ಥೆಗೆ ಗ್ರಾಹಕರ ಮೇಲೆ ಎಷ್ಟು ಗೌರವವಿದೆಯೆಂದು ಅಳೆಯಬೇಕಾದರೆ, ಮೇಲಿನವರನ್ನು ಕೇಳದೆ ಎಷ್ಟು ಹಣ ಹಿಂದಿರುಗಿಸಲು ಈ ನೌಕರರಿಗೆ ಅನುಮತಿ ಇದೆ ಎಂದು ವಿಚಾರಿಸಿದರೆ ಸಾಕಲ್ಲವೆ?