ಪಕ್ಕದ ಮನೆಯ ದೀಪ

 

ಅಮ್ಮನ ತಿಥಿ ಹತ್ತಿರ ಬಂತು. ಊರಲ್ಲಿ ತಮ್ಮ ಶ್ರಾದ್ಧ ಮಾಡ್ತಾನೆ, ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಫೋನ್ ಹಿಡ್ಕೊಂಡು ಕೂತಿರ್ತೀನಿ. ಮಗಳು ಮಾಡಿದ್ದೇನಾದರೂ ಅವಳಿಗೆ ಮುಟ್ಟುತ್ತಾ ಅಂತ ಪ್ರತಿ ವರ್ಷ ಮನಸ್ಸು ಕೇಳುತ್ತೆ.

ಮೊನ್ನೆ ಪಕ್ಕದ ಮನೆಯ ಯಹೂದಿ ಅಜ್ಜಿಯ ಅಡುಗೆಮನೆಯಲ್ಲಿ ಗಾಜಿನ ಲೋಟದೊಳಗೆ ಒಂದು ಮೇಣದ ದೀಪ ಉರೀತಿತ್ತು. ಅವರ ತಾಯಿ ಹೋದ ತಿಥಿಯಂತೆ. ಯಾರ್‌ಟ್ಸೈಟ್ ಅಂತಾರೆ, ಸಂಜೆಯಿಂದ ಮರುದಿನ ಸಂಜೆವರೆಗೆ ಉರಿಯುತ್ತೆ. ಅವರಿಗೂ ತಿಂಗಳ ಲೆಕ್ಕ ಚಂದ್ರನದೇ ನೋಡಿ.

ತಂದೆತಾಯಿ ಹೋದಾಗ ಅವರಲ್ಲಿ ಮಕ್ಕಳು 11 ತಿಂಗಳು ಕದ್ದಿಶ್ ಹೇಳ್ತಾರೆ. ಹನ್ನೊಂದೇ ಯಾಕೆ? ಪಾಪಿಗಳಿಗೆ ಶಿಕ್ಷೆ 12 ತಿಂಗಳು ಅಂತ ಅವರ ಮಿಶ್ನಾ ಗ್ರಂಥದಲ್ಲಿದೆ. ಪೂರ್ತಿ ವರ್ಷ ಹೇಳಿದರೆ ಹೆತ್ತವರನ್ನು ಪಾಪಿ ಅಂದಂತಾಗುತ್ತಲ್ಲ, ಅದಕ್ಕೇ ಒಂದು ತಿಂಗಳು ಮೊದಲೇ ನಿಲ್ಲಿಸ್ತಾರೆ. ಎಂಥಾ ನಾಜೂಕು! ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಬರೀ ಭಗವಂತನ ನಾಮದ ಮಹಿಮೆ. ಸಂಪ್ರದಾಯದಂತೆ ಹತ್ತು ಜನ ಸೇರಲೇಬೇಕು. ಒಬ್ಬರು ಹೇಳಿದರೆ ಉಳಿದವರು ಉತ್ತರ ಕೊಡಬೇಕು, ನಮ್ಮ ಭಜನೆಯಲ್ಲಿ ಎಲ್ಲರೂ ಪಲ್ಲವಿ ಹಿಡಿಯೋ ಹಾಗೆ.

ಇದರ ಹಿಂದೊಂದು ಕಥೆ ಇದೆ. ರಬ್ಬಿ ಅಕಿವಾ ದಾರಿಯಲ್ಲಿ ಸೌದೆ ಹೊತ್ತು ಓಡುತ್ತಿದ್ದವನೊಬ್ಬನನ್ನು ಕಂಡರು. ಅವನು ಸತ್ತವನು! ಬದುಕಿದ್ದಾಗ ತೆರಿಗೆ ವಸೂಲಿಯಲ್ಲಿ ಬಡವರನ್ನು ಹಿಂಡಿದವನು, ಈಗ ತಾನು ಹೊತ್ತ ಸೌದೆಯಲ್ಲೇ ದಿನಾ ಸುಡ್ತಾನೆ. ಬಸುರಿ ಹೆಂಡತಿಯನ್ನು ಬಿಟ್ಟು ಬಂದಿದ್ದ. ಅಕಿವಾ ಆ ಊರಿಗೆ ಹೋಗಿ, ಯಾರಿಗೂ ಬೇಡವಾಗಿದ್ದ ಆ ಮಗುವನ್ನು ಹುಡುಕಿ ಅಕ್ಷರ, ಪ್ರಾರ್ಥನೆ ಕಲಿಸಿದರು. ಹುಡುಗ ಸಭೆಯಲ್ಲಿ ನಿಂತು ದೇವರನ್ನು ಸ್ತುತಿಸಿದ, ತಂದೆಗೆ ಬಿಡುಗಡೆಯಾಯಿತು.

ಓದಿದಾಗ ನನಗೆ ಪ್ರಹ್ಲಾದ ಕಣ್ಣಮುಂದೆ ಬಂದ. ಭಾಗವತದಲ್ಲಿ ಅವನು ತಂದೆಗಾಗಿ ಬೇಡಿಕೊಂಡಾಗ, ನೀನು ಹುಟ್ಟಿದ್ದರಿಂದಲೇ 21 ತಲೆಮಾರು ಪಾವನವಾಯ್ತು ಅಂತ ನರಸಿಂಹ ಹೇಳ್ತಾನಲ್ಲ!

ಆದರೆ ಯಹೂದಿಗಳೆಲ್ಲ ಇದನ್ನು ಒಪ್ಪಿದವರಲ್ಲ. 12ನೇ ಶತಮಾನದ ಸ್ಪೇನಿನ ಅಬ್ರಹಾಂ ಬಾರ್ ಹಿಯ್ಯಾ, ಮಕ್ಕಳ ಪ್ರಾರ್ಥನೆಯಿಂದ ತನಗೆ ಸತ್ತಮೇಲೆ ಲಾಭ ಅಂದುಕೊಳ್ಳೋದು ಹುಸಿ ಆಸೆ ಅಂತ ಬರೆದುಬಿಟ್ಟರು. ತಾಲ್ಮುದ್ ಪ್ರಕಾರವೂ ಮಗ ತಂದೆಗೆ ಪುಣ್ಯ ತರಬಲ್ಲ, ತಂದೆ ಮಗನಿಗೆ ತರಲಾರ. ಇದನ್ನು ನಾನು ಹೀಗೆ ಅರ್ಥ ಮಾಡ್ಕೊಂಡೆ: ಮಗನ ಒಳ್ಳೆಯ ನಡತೆಯಲ್ಲಿ ಹೆತ್ತವರ ಬೇರು ಇದೆ, ಅದಕ್ಕೇ ಫಲದಲ್ಲೂ ಪಾಲು. ದುಡ್ಡು ಕೊಟ್ಟು ಬೇರೆಯವರ ಕೈಲಿ ಕದ್ದಿಶ್ ಹೇಳಿಸೋದೂ ಅವರಲ್ಲಿ ಉಂಟು, ಅದು ನನ್ನ ಮನಸ್ಸಿಗೆ ಅಷ್ಟು ಹತ್ತಲಿಲ್ಲ. (ನಾವೂ ಆನ್‌ಲೈನಲ್ಲಿ ಸೇವೆ ಬುಕ್ ಮಾಡಿ ಸುಮ್ಮನಾಗೋರೇ ಬಿಡಿ!)

ಹಾಗಾದರೆ ಹೆಣ್ಣುಮಕ್ಕಳು? 1916ರಲ್ಲಿ ಹೆನ್ರಿಯೆಟ್ಟಾ ಸೋಲ್ಡ್ ಅವರ ತಾಯಿ ತೀರಿಕೊಂಡಾಗ, ಮನೆಯಲ್ಲಿ ಗಂಡುಮಕ್ಕಳಿಲ್ಲ ಅಂತ ಸ್ನೇಹಿತರೊಬ್ಬರು ತಾನೇ ಕದ್ದಿಶ್ ಹೇಳ್ತೀನಿ ಅಂದರು. ಆಕೆ ಕೃತಜ್ಞತೆಯಿಂದಲೇ ಬೇಡ ಅಂತ ಪತ್ರ ಬರೆದರು. ಅದು ತನ್ನ ಕೆಲಸ, ಇನ್ನೊಬ್ಬರಿಗೆ ಒಪ್ಪಿಸೋದಲ್ಲ ಅಂತ ಅವರ ಭಾವ. ಆ ಪತ್ರ ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ.

ಶ್ರಾದ್ಧ ತಮ್ಮನೇ ಮಾಡ್ಲಿ, ಅದು ಅವನ ಹಕ್ಕು. ಅಮ್ಮ ನನಗೆ ಮೊದಲು ಹೇಳಿಕೊಟ್ಟ ದೇವರನಾಮ ಮಾಯಾಮಾಳವಗೌಳದ್ದು. ಈ ಶನಿವಾರ ಮಕ್ಕಳ ಕ್ಲಾಸಲ್ಲಿ ಅದನ್ನೇ ತೊಗೋತೀನಿ. ಶ್ರುತಿಪೆಟ್ಟಿಗೆ ಇದ್ದೋರು ಹತ್ತಿರ ಇಟ್ಕೊಳ್ಳಿ, ಪಲ್ಲವಿ ಎಲ್ಲರೂ ಹಿಡೀಬೇಕು.