ಸಹಿ ಯಾರದು?

2008ರ ಮಾತು. ನನ್ನ ಹೆಂಡತಿಗೆ ಎರಡನೆಯ ಹೆರಿಗೆ. ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಊರುಗಳಲ್ಲಿ ಒಂದರದು ಎಂದರೆ ಸಾಕು. ಮಗು ಹುಟ್ಟಿ ಅರ್ಧ ಗಂಟೆಯೂ ಆಗಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತಿದ್ದ ನನ್ನ ಹತ್ತಿರ ನರ್ಸಮ್ಮ ಒಂದು ಕಾಗದ ಹಿಡಿದು ಬಂದರು. "ಎರಡಾಯ್ತಲ್ಲ ಸಾಬರೇ, ಆಪರೇಷನ್ ಮಾಡಿಸಿಬಿಡ್ತೀರಾ?" ಎಂದು ಕೇಳಿದರು. "ಬೇಡ ಸಿಸ್ಟರ್, ನಮ್ಮಲ್ಲಿ ಮಾಡಿಸಲ್ಲ" ಎಂದೆ. ಆಕೆ ಮರುಮಾತಾಡದೆ ಪಕ್ಕದ ಹಾಸಿಗೆಯವಳ ಗಂಡನ ಕಡೆ ತಿರುಗಿದರು. ಆತ ಮಾವಿನ ತೋಟದ ಕಾವಲಿನವನು, ತೆಲುಗು ಮಾತಾಡುವವನು. "ಚೇಸೇಯಂಡಮ್ಮಾ" ಎಂದು ಹೇಳಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ.

ನನಗೆ ಒಳಗೊಳಗೇ ಹೆಮ್ಮೆಯಾಯಿತು. ನಾನು ಸರ್ಕಾರದ ಒತ್ತಡಕ್ಕೆ ಮಣಿಯದವನು, ದೀನಿನ ಮಾತು ಮೀರದವನು. ಆ ಬಡಪಾಯಿ ಯೋಚಿಸದೆ ಹೆಬ್ಬೆಟ್ಟು ಒತ್ತಿದ ಎಂದುಕೊಂಡೆ. ಆತ ನನ್ನ ಬಗ್ಗೆ ಏನೆಂದುಕೊಂಡನೋ ಊಹಿಸುವುದು ಕಷ್ಟವಲ್ಲ. ನಮ್ಮಿಬ್ಬರ ಹೆಂಡಂದಿರು ಅಲ್ಲೇ ನಾಲ್ಕು ಹೆಜ್ಜೆ ಒಳಗೆ, ಮಾತು ಕೇಳಿಸುವಷ್ಟು ದೂರದಲ್ಲಿ ಮಲಗಿದ್ದರು.

ಮೂರು ವರ್ಷದ ಮೇಲೆ ಮೂರನೆಯ ಮಗು. ಅಷ್ಟರಲ್ಲಿ ಆಕೆಯ ಮೈಯಲ್ಲಿ ರಕ್ತ ಉಳಿದಿರಲಿಲ್ಲ. ಹೆರಿಗೆಯ ಹೊತ್ತಿಗೆ ಎರಡು ಬಾಟಲಿ ರಕ್ತ ಏರಿಸಬೇಕಾಯಿತು. ಮನೆಗೆ ಬಂದ ಮೇಲೆ ಒಂದು ರಾತ್ರಿ ಆ ಹಳೆಯ ಕಾಗದದ ಮಾತು ಬಂತು. "ನಿನಗೂ ಬೇಡವಾಗಿತ್ತಲ್ಲ" ಎಂದೆ. ಅವಳು ಮಗುವಿನ ಕಡೆ ನೋಡುತ್ತಲೇ ನಮ್ಮ ಮನೆಮಾತಿನಲ್ಲಿ, "ಮೇರೇಕು ಕೋನ್ ಪೂಛೇ?" ಎಂದಳು. ನನ್ನನ್ನು ಯಾರು ಕೇಳಿದರು?

ಆ ವೇಳೆಗೆ ನಾನು ಹೆಣ್ಣುಮಕ್ಕಳ ಸಂಕಟದ ಬಗ್ಗೆ ಏಳೆಂಟು ಕಥೆ ಬರೆದು ಅಷ್ಟಿಷ್ಟು ಮೆಚ್ಚುಗೆ ಗಳಿಸಿದ್ದೆ. ಅದನ್ನು ಇಲ್ಲಿ ಹೇಳುವುದು ನಾಚಿಕೆಯಿಂದಲೇ.

ಈ ವಿಷಯದಲ್ಲಿ ನಾವು ಸಾಮಾನ್ಯವಾಗಿ ನಡೆಸುವ ಚರ್ಚೆ "ಮಾಡಿಸಬಹುದೇ, ಮಾಡಿಸಬಾರದೇ" ಎಂಬುದು. ಒಂದು ಕಡೆ ಜನಸಂಖ್ಯೆಯ ಲೆಕ್ಕ ಹಿಡಿದ ಸರ್ಕಾರ, ಇನ್ನೊಂದು ಕಡೆ ಹರಾಮ್-ಹಲಾಲ್ ಲೆಕ್ಕ ಹಿಡಿದ ನಾವು. ಆದರೆ ಆ ವಾರ್ಡಿನ ಬಾಗಿಲಲ್ಲಿ ಹೌದು ಎಂದವನೂ ಬೇಡ ಎಂದವನೂ ಮಾಡಿದ ತಪ್ಪು ಒಂದೇ. ತನ್ನದಲ್ಲದ ಮೈಯ ಬಗ್ಗೆ ಇಬ್ಬರೂ ಉತ್ತರ ಕೊಟ್ಟರು. ಉತ್ತರ ಸರಿಯೋ ತಪ್ಪೋ ಎಂಬುದು ಆಮೇಲಿನ ಪ್ರಶ್ನೆ.

ವಿಚಿತ್ರವೆಂದರೆ ಕಾನೂನು ಗಂಡನ ಸಹಿಯನ್ನು ಕೇಳುವುದೇ ಇಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮಾಡಿಸಿಕೊಳ್ಳುವವರ ಒಪ್ಪಿಗೆ ಸಾಕು, ಸಂಗಾತಿಯ ಒಪ್ಪಿಗೆ ಬೇಕಿಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆಯ ಮಾನದಂಡಗಳೇ ಹೇಳುತ್ತವೆ. 1971ರ ಗರ್ಭಪಾತ ಕಾಯ್ದೆಯಲ್ಲೂ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. 2021ರ ತಿದ್ದುಪಡಿಯಲ್ಲೂ ಅದು ಬದಲಾಗಿಲ್ಲ. ಹಾಗಿದ್ದೂ ಕಾಗದ ಬಾಗಿಲಾಚೆ ನಿಂತ ಗಂಡಸಿನ ಕೈಗೇ ಬರುತ್ತದೆ. ನಾಳೆ ಯಾರಾದರೂ ಜಗಳಕ್ಕೆ ಬಂದರೆ ಎಂಬ ಭಯ ಆಸ್ಪತ್ರೆಗೆ. ಜಗಳಕ್ಕೆ ಬರುವವನು ಗಂಡಸು ಎಂಬುದು ಅವರ ಅನುಭವ. ಒಳಗೆ ಮಲಗಿರುವವಳು ಜಗಳಕ್ಕೆ ಬರುವುದಿಲ್ಲವಾದ್ದರಿಂದ ಅವಳ ಸಹಿ ಕೊನೆಗೆ, ಮಂಪರಿನಲ್ಲಿ.

ಇನ್ನು ನಮ್ಮ ಧರ್ಮಶಾಸ್ತ್ರ. "ನಮ್ಮಲ್ಲಿ ಮಾಡಿಸಲ್ಲ" ಎಂದು ಅಂದು ಹೇಳಿದಾಗ ನನಗೆ ಶಾಸ್ತ್ರ ಗೊತ್ತಿತ್ತೇ? ಇಲ್ಲ. ಕೇಳಿಸಿಕೊಂಡಿದ್ದೆ, ಅಷ್ಟೇ. ಆಮೇಲೆ ಕುಳಿತು ಉರ್ದು ಪುಸ್ತಕಗಳನ್ನು ತಿರುವಿದೆ. ಶಾಶ್ವತವಾಗಿ ಸಂತಾನಶಕ್ತಿ ಕಳೆಯುವುದನ್ನು ವೈದ್ಯಕೀಯ ಅನಿವಾರ್ಯತೆ ಇಲ್ಲದೆ ಹೆಚ್ಚಿನ ಉಲೇಮಾಗಳು ಒಪ್ಪುವುದಿಲ್ಲ, ಇದು ನಿಜ. ಆದರೆ ತಾತ್ಕಾಲಿಕವಾಗಿ ಗರ್ಭ ತಡೆಯುವುದು, ಮಕ್ಕಳ ನಡುವೆ ಅಂತರ ಇಡುವುದು ಬೇರೆ ಮಾತು. ಪ್ರವಾದಿಯವರ ಕಾಲದಲ್ಲೇ ಅಝ್ಲ್ ಎಂಬ ವಿಧಾನ ರೂಢಿಯಲ್ಲಿತ್ತೆಂದು ಹದೀಸ್‌ಗಳಲ್ಲಿದೆ. ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ ಉಲೂಮುದ್ದೀನ್'ನಲ್ಲಿ ಇದನ್ನು ವಿವರವಾಗಿ ಚರ್ಚಿಸಿ ಅನುಮತಿಸಬಹುದಾದದ್ದು ಎನ್ನುತ್ತಾರೆ. ಹೆರಿಗೆಯಲ್ಲಿ ಹೆಂಡತಿಯ ಜೀವಕ್ಕೆ ಅಪಾಯವಾದೀತೆಂಬ ಭಯವನ್ನೂ, ಹೆಚ್ಚು ಮಕ್ಕಳಿಂದ ಬರುವ ಕಷ್ಟವನ್ನೂ ಸಕಾರಣಗಳೆಂದೇ ಎಣಿಸುತ್ತಾರೆ. ಒಂಬೈನೂರು ವರ್ಷಗಳ ಹಿಂದಿನ ಮಾತಿದು.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹನಫಿ, ಮಾಲಿಕಿ, ಹಂಬಲಿ ಪಂಥಗಳ ಪಂಡಿತರಲ್ಲಿ ಹೆಚ್ಚಿನವರು ಅಝ್ಲ್‌ಗೆ ಹೆಂಡತಿಯ ಇಜಾಜತ್ ಬೇಕೆನ್ನುತ್ತಾರೆ. ಸಂತಾನವೂ ಸುಖವೂ ಅವಳ ಹಕ್ಕು ಎಂಬುದು ಅವರ ವಾದ. ಅಂದರೆ ಶಾಸ್ತ್ರದಲ್ಲಿ ಅನುಮತಿ ಕೇಳಬೇಕಾದವನು ಗಂಡ, ಕೊಡಬೇಕಾದವಳು ಹೆಂಡತಿ. ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಇದು ಪೂರ್ತಿ ತಲೆಕೆಳಗಾಗಿ ನಿಂತಿದೆ. ಮಗುವಿಗೆ ಎರಡು ವರ್ಷ ತುಂಬುವ ಮುಂಚೆ ಹಾಲು ಬಿಡಿಸುವುದಿದ್ದರೂ ತಂದೆತಾಯಿ ಇಬ್ಬರೂ ಕೂಡಿ ಆಲೋಚಿಸಿ ಒಪ್ಪಬೇಕೆಂಬ ಅರ್ಥದ ಮಾತು ಸೂರಾ ಬಕರಾದ 233ನೇ ಆಯತ್‌ನಲ್ಲಿದೆ. ಹಾಲು ಬಿಡಿಸಲು ಇಷ್ಟು ಸಮಾಲೋಚನೆಯಾದರೆ ಹೊಸದೊಂದು ಗರ್ಭಕ್ಕೆ ಎಷ್ಟು ಬೇಕು? ನಿಕಾಹ್ ದಿನ ವಕೀಲ ಮತ್ತು ಸಾಕ್ಷಿಗಳು ಹೆಣ್ಣಿನ ಹತ್ತಿರ ಹೋಗಿ "ಒಪ್ಪಿಗೆಯೇ?" ಎಂದು ಕೇಳಿ ಬರುತ್ತಾರೆ. ತಂದೆ ತನ್ನನ್ನು ಒಪ್ಪಿಗೆಯಿಲ್ಲದೆ ಮದುವೆ ಮಾಡಿಕೊಟ್ಟರೆಂದು ಖನ್ಸಾ ಎಂಬ ಮಹಿಳೆ ದೂರಿದಾಗ ಪ್ರವಾದಿಯವರು ಆ ಮದುವೆಯನ್ನೇ ರದ್ದು ಮಾಡಿದರು. ಮದುವೆಯ ದಿನ ಇಷ್ಟು ಗಟ್ಟಿಯಾದ ಒಪ್ಪಿಗೆ, ಮರುದಿನದಿಂದ ಎಲ್ಲಿ ಹೋಗುತ್ತದೆ?

ಸರ್ಕಾರದ ಕಥೆಗೆ ಬರುತ್ತೇನೆ. ಕೋಲಾರ ಮೈಸೂರು ಸಂಸ್ಥಾನದ ಜಿಲ್ಲೆಯಾಗಿದ್ದ ಕಾಲದಲ್ಲಿ, 1930ರಲ್ಲೇ, ಸಂಸ್ಥಾನ ಸರ್ಕಾರಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಯಿತು. ಜಗತ್ತಿನಲ್ಲೇ ಮೊದಲು ಎಂದು ಇದನ್ನು ಹೇಳುವುದುಂಟು. ಸ್ವತಂತ್ರ ಭಾರತ 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಆರಂಭಿಸಿತು. ಅದರ ಹೆಸರು ಕೆಟ್ಟದ್ದು ತುರ್ತುಪರಿಸ್ಥಿತಿಯಲ್ಲಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು, ಬಹುಪಾಲು ಗಂಡಸರಿಗೆ. ನಮ್ಮ ಹಿರಿಯರಿಗೆ ಇಂದಿಗೂ "ನಸ್‌ಬಂದಿ" ಎಂಬ ಶಬ್ದ ಕೇಳಿದರೆ ಮೈ ಉರಿಯುವುದು ಅದಕ್ಕೇ. 1977ರಲ್ಲಿ ಸರ್ಕಾರ ಬಿತ್ತು. ಆಮೇಲೆ ಯಾವ ಸರ್ಕಾರವೂ ಗಂಡಸಿನ ತಂಟೆಗೆ ಹೋಗಲಿಲ್ಲ. ಹೊರೆಯನ್ನೆಲ್ಲ ಸದ್ದಿಲ್ಲದೆ ಹೆಂಗಸರ ಮೇಲೆ ಇಳಿಸಿದರು. ಅದಕ್ಕಾಗಿ ಇದುವರೆಗೆ ಯಾವ ಸರ್ಕಾರವೂ ಬಿದ್ದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಆಪರೇಷನ್‌ನ ಅಂಕಿ ಸೊನ್ನೆಗೆ ಸಮ. ವೈದ್ಯರ ಪ್ರಕಾರ ಗಂಡಸರದ್ದು ಹೆಚ್ಚು ಸುಲಭ. ಹೊಟ್ಟೆ ಕೊಯ್ಯಬೇಕಿಲ್ಲ, ಆ ಜಾಗಕ್ಕೆ ಮಾತ್ರ ಮರಗಟ್ಟಿಸಿ ಮಾಡಿ ಅಂದೇ ಮನೆಗೆ ಕಳಿಸುತ್ತಾರೆ. ಆದರೆ ನಮ್ಮ ಕಡೆ ಕೇಳಿ. ಮಾಲೂರಿನ ಇಟ್ಟಿಗೆ ಗೂಡಿನಲ್ಲಾಗಲಿ, ಕೋಲಾರದ ಮಂಡಿಯಲ್ಲಾಗಲಿ, "ಭಾರ ಎತ್ತೋ ಮೈ ಸಾರ್, ನಮಗ್ಯಾಕೆ" ಎನ್ನುತ್ತಾರೆ. ಅದೇ ಗೂಡಿನಲ್ಲಿ ತಲೆಯ ಮೇಲೆ ಇಟ್ಟಿಗೆ ಹೊರುವ ಹೆಂಗಸಿನದು ಭಾರ ಎತ್ತುವ ಮೈಯಲ್ಲವೇನೋ.

ಆಪರೇಷನ್ ಒಂದನ್ನೇ ಮುಂದಿಟ್ಟು ನಡೆದ ಈ ನೀತಿಯಿಂದ ಎರಡು ಬಗೆಯ ಹೆಂಗಸರು ಕೆಟ್ಟರು. ಒಪ್ಪಿದವರು ಎಳೆಯ ವಯಸ್ಸಿನಲ್ಲೇ, ಬೇರೆ ದಾರಿ ಇದೆಯೆಂದು ಯಾರೂ ಹೇಳದೆ, ಮೇಜಿನ ಮೇಲೆ ಮಲಗಿದರು. ಛತ್ತೀಸ್‌ಗಢದ ಬಿಲಾಸಪುರದ ಬಳಿ 2014ರ ನವೆಂಬರಿನಲ್ಲಿ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ದಿನಗಳ ಶಿಬಿರಗಳಲ್ಲಿ ಮಾಡಿಸಿಕೊಂಡವರಲ್ಲಿ ಹದಿಮೂರು ಮಂದಿ ತೀರಿಕೊಂಡರು. ದೇವಿಕಾ ಬಿಸ್ವಾಸ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2016ರಲ್ಲಿ, ಇಂಥ ಶಿಬಿರಗಳು ಮೂರು ವರ್ಷದೊಳಗೆ ನಿಲ್ಲಬೇಕೆಂದಿತು. ಒಪ್ಪದವರು, ಎಂದರೆ ನಮ್ಮವರಲ್ಲಿ ಅನೇಕರು, ಕೈಬಿಟ್ಟು ಹೋದರು. ಅಂದು "ಬೇಡ" ಎಂದ ಮೇಲೆ ನರ್ಸಮ್ಮ ನನಗೆ ಇನ್ನೊಂದು ಮಾತು ಹೇಳಲಿಲ್ಲ. ವಂಕಿ ಇದೆ, ಮಾತ್ರೆ ಇದೆ ಎಂದು ನಾಲ್ಕು ಹೆಜ್ಜೆ ಒಳಗೆ ಹೋಗಿ ನನ್ನವಳಿಗೆ ಹೇಳಿದ್ದರೆ ಆ ಎರಡು ಬಾಟಲಿ ರಕ್ತ ಬೇಕಾಗುತ್ತಿರಲಿಲ್ಲವೇನೋ. 2017ರಿಂದೀಚೆಗೆ ಮೂರು ತಿಂಗಳ 'ಅಂತರಾ' ಚುಚ್ಚುಮದ್ದು, 'ಛಾಯಾ' ಮಾತ್ರೆಗಳೂ ಸರ್ಕಾರಿ ವ್ಯವಸ್ಥೆಯಲ್ಲಿ ಬಂದಿವೆ. ನಮ್ಮ ಶಾಸ್ತ್ರದ ಅಡ್ಡಿಯೂ ಇವಕ್ಕಿಲ್ಲ. ನಮ್ಮ ಮೊಹಲ್ಲಾದಲ್ಲಿ ಈ ಹೆಸರುಗಳನ್ನು ಕೇಳಿದವರು ಎಷ್ಟು ಜನ?

ಸಹಾಯಧನದ ಯೋಜನೆಗಳಲ್ಲೂ ಇದೇ ಬುದ್ಧಿ. ಜನನಿ ಸುರಕ್ಷಾ ಯೋಜನೆ 2005ರಲ್ಲಿ ಬಂದಾಗ ನಮ್ಮಂಥ ರಾಜ್ಯಗಳಲ್ಲಿ ಎರಡು ಹೆರಿಗೆಗೆ ಮಾತ್ರ ಹಣ. ಆ ಷರತ್ತನ್ನು 2013ರಲ್ಲಿ ತೆಗೆದರು. 2017ರ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಮಾತ್ರ ಎಂದಿತು. 2022ರಿಂದ ಎರಡನೆಯದು ಹೆಣ್ಣಾದರೆ ಅದಕ್ಕೂ ಉಂಟು. ಮೂರನೆಯದಕ್ಕೆ ಬಸಿರಾದವಳಿಗೆ ಸೊಪ್ಪು, ಮೊಟ್ಟೆ, ಕಬ್ಬಿಣಾಂಶ ಬೇಡವೇ? ರಾಜ್ಯದ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಮೂರನೆಯ ಬಸಿರು ತೀರ್ಮಾನಿಸಿದವಳು ಅವಳಲ್ಲ, ಆದರೆ ದಂಡ ಅವಳಿಗೆ. 2011ರಲ್ಲಿ ತಾಯಿ ಕಾರ್ಡು ಬರೆಸಲು ಹೋದಾಗ "ಮೂರನೇದಾ?" ಎಂದು ಕೇಳಿದ ದನಿಯನ್ನು ನನ್ನ ಹೆಂಡತಿ ಇನ್ನೂ ಅನುಕರಿಸಿ ತೋರಿಸುತ್ತಾಳೆ.

ಆ ದನಿಯ ಹಿಂದೆ ನಮ್ಮ ಸಮುದಾಯದ ಬಗ್ಗೆ ಹಬ್ಬಿಸಿರುವ ಮಾತೂ ಇದೆ. 1992-93ರಲ್ಲಿ ದೇಶದ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, 2019-21ಕ್ಕೆ 2.4. ಇಷ್ಟು ವೇಗವಾಗಿ ಇಳಿದದ್ದು ಬೇರೆ ಯಾವುದೇ ದೊಡ್ಡ ಸಮುದಾಯದಲ್ಲಿಲ್ಲ. ಈ ಅಂಕಿಯನ್ನು ವೇದಿಕೆಗಳಲ್ಲಿ ನಾವು ಜೋರಾಗಿ ಹೇಳುತ್ತೇವೆ, ಹೇಳಲೇಬೇಕು. ಆದರೆ ಅದು ಇಳಿದದ್ದು ಯಾರಿಂದ? ನಾವು ಗಂಡಸರು ಮಸೀದಿಯ ಮೆಟ್ಟಿಲ ಮೇಲೆ "ಇದು ಸರ್ಕಾರದ ಸಾಜಿಶ್" ಎಂದು ವಾದಿಸುತ್ತಿದ್ದಾಗ, ಮನೆಯೊಳಗಿನ ಹೆಂಗಸರು ಅತ್ತೆಗೆ ತಿಳಿಯದಂತೆ, ಕೆಲವೊಮ್ಮೆ ಗಂಡನಿಗೂ ತಿಳಿಯದಂತೆ, ಆಸ್ಪತ್ರೆಯ ದಾರಿ ಹುಡುಕಿಕೊಂಡರು. ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಮಗು ಬೇಕೆಂದು ಹರಕೆ ಹೊತ್ತು ಬರುವವರನ್ನು ಎಲ್ಲರೂ ನೋಡುತ್ತಾರೆ. ಇನ್ನು ಸಾಕು ಎಂದು ಬೇಡುವವರ ದುಆ ಯಾರಿಗೂ ಕೇಳಿಸುವುದಿಲ್ಲ.

ಇಷ್ಟು ಬರೆದ ಮೇಲೆ ಓದುಗರು ಕೇಳಬಹುದು: ಹಾಗಾದರೆ ಗಂಡನಿಗೆ ಮಾತೇ ಇಲ್ಲವೇ? ಸಂಸಾರವೆಂಬುದು ಕೋರ್ಟೇ? ಮಾತು ಇದೆ. ಕೂಡಿ ಆಲೋಚಿಸುವುದೆಂದರೆ ಇಬ್ಬರ ಆಲೋಚನೆಯೇ. ಆದರೆ ಕೂಡಿ ಆಲೋಚಿಸಿ ಭಿನ್ನವಾದರೆ? ಅಲ್ಲಿ ಗರ್ಭ ಹೊರುವವಳ ಮಾತಿಗೆ ತೂಕ ಹೆಚ್ಚು ಎಂದು ನಾನು ಈಗ ನಂಬುತ್ತೇನೆ. ರಕ್ತ ಹೋಗುವುದು ಅವಳದು. ಇದನ್ನು ಒಪ್ಪದ ಗೆಳೆಯರು ನನಗಿದ್ದಾರೆ. ಅವರಲ್ಲೊಬ್ಬರು ಮೌಲ್ವಿ, ಬಹಳ ಸಜ್ಜನರು. "ಇಬ್ಬರ ಹಕ್ಕೂ ಸಮ" ಎಂಬಲ್ಲಿಗೆ ಅವರು ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಬಂದರೂ ಸಂತೋಷವೇ ಎಂದು ನಾನು ಜಗಳ ಮುಂದುವರಿಸಿಲ್ಲ.

ಈಚೆಗೆ ಒಂದು ದಿನ ಧೈರ್ಯ ಮಾಡಿ ಹೆಂಡತಿಯನ್ನು ಕೇಳಿದೆ. ಅಂದು ಆ ಕಾಗದ ನಿನ್ನ ಕೈಗೆ ಕೊಟ್ಟಿದ್ದರೆ ಏನು ಹೇಳುತ್ತಿದ್ದೆ? ಹೌದು ಎನ್ನುತ್ತಾಳೆಂದು ಒಂದು ಮನಸ್ಸು, ಇಲ್ಲ ಎಂದರೆ ನನ್ನ ಪಾಪ ಕಡಿಮೆಯಾದೀತೆಂದು ಇನ್ನೊಂದು ಮನಸ್ಸು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ದಿನ ಬಿಟ್ಟು ಹೇಳ್ತೀನಿ ಅಂತಿದ್ದೆ" ಎಂದಳು. ಆ ನಾಲ್ಕು ದಿನ ಯಾವ ನಮೂನೆಯಲ್ಲೂ ಇರಲಿಲ್ಲ. ಹೆರಿಗೆ ನೋವಿನಿಂದ ಎದ್ದವಳ ಮುಂದೆ ಹಿಡಿಯುವ ಕಾಗದದಲ್ಲಿ ಅವಳದೇ ಸಹಿ ಇದ್ದರೂ ಅದನ್ನು ಒಪ್ಪಿಗೆ ಎನ್ನಲಾರೆ. ಬಸಿರಿನ ಐದಾರನೆಯ ತಿಂಗಳಲ್ಲೇ, ಅತ್ತೆ ಗಂಡ ಇಲ್ಲದ ಕಡೆ ಕೂರಿಸಿ, ಇರುವ ದಾರಿಗಳನ್ನೆಲ್ಲ ಅವಳ ಭಾಷೆಯಲ್ಲೇ ಹೇಳಬೇಕು. ನಮ್ಮ ಈ ಗಡಿ ತಾಲೂಕುಗಳಲ್ಲಿ ಅವಳ ಭಾಷೆ ಉರ್ದುವೂ ಆಗಿರುತ್ತದೆ, ತೆಲುಗೂ ಆಗಿರುತ್ತದೆ.

ಇದನ್ನೇ ನಮ್ಮ ಮಸೀದಿಯ ಕಮಿಟಿಯ ಮುಂದಿಟ್ಟೆ. ಮದರಸದ ಹಾಲಿನಲ್ಲಿ ತಿಂಗಳಿಗೊಮ್ಮೆ ಹೆಂಗಸರಿಗೆ ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರನ್ನು ಕರೆಸೋಣ ಎಂದೆ. ಯಾರೂ ಬೇಡ ಎನ್ನಲಿಲ್ಲ. ನಮ್ಮ ಹೆಂಗಸರು ಇಷ್ಟಪಡುತ್ತಾರೋ ಇಲ್ಲವೋ ಎಂದು ಹನ್ನೊಂದು ಗಂಡಸರು ಬಹಳ ಹೊತ್ತು ಚರ್ಚಿಸಿ ಮುಂದಿನ ಸಭೆಗೆ ಹಾಕಿದರು. ಮುಂದಿನ ಸಭೆಯಲ್ಲಿ ರಂಜಾನ್ ಕಳೆಯಲಿ ಎಂದರು. ಮನೆಗೆ ಬಂದು ಹೇಳಿದಾಗ ಹೆಂಡತಿ, "ಕಮಿಟೀನ ಯಾಕೆ ಕೇಳೋಕೆ ಹೋದ್ರಿ, ನಮ್ಮನೆ ಪಡಸಾಲೆ ಇಲ್ವಾ?" ಎಂದಳು. ಒಂದು ಶುಕ್ರವಾರ ಗಂಡಸರೆಲ್ಲ ಜುಮಾ ನಮಾಜಿಗೆ ಹೋಗಿದ್ದ ಹೊತ್ತಿಗೆ ಸಿಸ್ಟರ್ ಬಂದು ಹೋಗಿದ್ದರು. ನಾನು ಮರಳಿದಾಗ ಚಾಪೆಯ ಮೇಲೆ ಹದಿನೈದು ಹದಿನಾರು ಚಹಾ ಲೋಟಗಳಿದ್ದವು. ಏನೇನು ಮಾತಾಯಿತು ಎಂದು ಕೇಳಿದೆ. ಅವಳು ಹೇಳಲಿಲ್ಲ.