ಸಿವಂಗಿಯೂ ನೋಹನ ನಾವೆಯೂ

ಜಲಪ್ರಳಯಕ್ಕೆ ಮುಂಚೆ ದೇವರು ನೋಹನಿಗೆ ಕೊಟ್ಟ ಅಪ್ಪಣೆಯನ್ನು ನೀವು ಬಲ್ಲಿರಿ. ನಾವೆಯೊಳಗೆ ಹಾಲು ಕೊಡುವ ಆಕಳೂ ಹೊರೆ ಹೊರುವ ಕತ್ತೆಯೂ ಮಾತ್ರವಲ್ಲ, ಕಾಡುಮೃಗಗಳು ಸಹ ಜೋಡಿಜೋಡಿಯಾಗಿ ಸೇರಿದವು. ಮನುಷ್ಯನ ಉಪಯೋಗಕ್ಕೆ ಬೀಳುವವುಗಳನ್ನು ಮಾತ್ರ ಉಳಿಸೆಂದು ದೇವರು ಹೇಳಲಿಲ್ಲ; ಪ್ರತಿಯೊಂದು ಜಾತಿಯ ಸಂತಾನವೂ ಉಳಿಯಬೇಕೆಂಬದೇ ಆತನ ಚಿತ್ತವಾಗಿತ್ತು.

ಈಗ ಸಿವಂಗಿಯೆಂಬ ಮೃಗದ ವೃತ್ತಾಂತವನ್ನು ಕೇಳಿರಿ. ಇದನ್ನು ಚೀತಾ ಎಂದೂ ಕರೆಯುತ್ತಾರೆ. ಇದು ಚಿರತೆಯಲ್ಲ, ಕಣ್ಣಿನಿಂದ ಬಾಯಿಯ ವರೆಗೆ ಕಣ್ಣೀರು ಹರಿದಂತೆ ಕಪ್ಪು ಗೆರೆಯುಳ್ಳದ್ದು, ನೆಲದ ಮೇಲೆ ಓಡುವ ಪ್ರಾಣಿಗಳಲ್ಲೆಲ್ಲಾ ಅತಿ ವೇಗವುಳ್ಳದ್ದು. ದಖ್ಖಣದ ಬಯಲುಗಳಲ್ಲಿ ಇದು ಚಿಗರಿಗಳನ್ನು ಬೆನ್ನಟ್ಟಿ ಜೀವಿಸುತ್ತಿತ್ತು. ಅರಸರು ಇದನ್ನು ಹಿಡಿದು, ಪಳಗಿಸಿ, ಬೇಟೆಗೆ ಉಪಯೋಗಿಸಿದರು. ಸೆರೆಯಲ್ಲಿ ಅದು ಮರಿ ಹಾಕುವದು ಬಹು ಅಪರೂಪ. ಆದದರಿಂದ ಅಡವಿಯಿಂದಲೇ ಮತ್ತೆ ಮತ್ತೆ ಹಿಡಿದರು. ಬಯಲುಗಳು ಹೊಲಗಳಾದವು, ಚಿಗರಿಗಳು ಕಡಿಮೆಯಾದವು, ಅನೇಕ ಸಿವಂಗಿಗಳು ಗುಂಡಿಗೆ ಬಲಿಯಾದವು. ಕಡೆಗೆ ನೆರೆಯ ಕೊಲ್ಹಾಪುರದ ಅರಸರು ಅವುಗಳನ್ನು ಆಫ್ರಿಕದಿಂದ ತರಿಸುವ ಹಾಗಾಯಿತು. 1947ರಲ್ಲಿ ಕೊರಿಯಾ ಸಂಸ್ಥಾನದ ಅರಸನು ಮೂರನ್ನು ಕೊಂದನು. 1952ರಲ್ಲಿ ಸರಕಾರವು ಈ ದೇಶದಲ್ಲಿ ಸಿವಂಗಿ ಇಲ್ಲವಾಯಿತೆಂದು ಸಾರಿತು.

ಕಳಕೊಂಡದ್ದನ್ನು ತಿರಿಗಿ ಪಡೆಯುವದು ಎಷ್ಟು ಕಷ್ಟ, ನೋಡಿರಿ! 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ 12 ಸಿವಂಗಿಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೋ ಅಡವಿಗೆ ಸೇರಿಸಿದರು. ಅವುಗಳಲ್ಲಿ ಹಲವು ಸತ್ತವು. 2023ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಹುಟ್ಟಿದ 4 ಮರಿಗಳಲ್ಲಿ 3 ಮರಿಗಳು ಮೇ ತಿಂಗಳ ಬಿಸಿಲಿನಲ್ಲಿ ಸತ್ತು, ಒಂದೇ ಉಳಿಯಿತು. ಅದನ್ನು ಮನುಷ್ಯರು ಕೈಯಾರೆ ಸಾಕಿದರು. 2025ರ ನವೆಂಬರಿನಲ್ಲಿ ಅದೇ 5 ಮರಿಗಳನ್ನು ಹೆತ್ತಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಒಕ್ಕಲಿಗರೇ, ನಮ್ಮ ಜಿಲ್ಲೆಯಲ್ಲಿ ಸಿವಂಗಿ ಇಲ್ಲ. ಚಿಗರಿಯಾದರೋ ಇನ್ನೂ ಉಂಟು. ಅದು ಬೆಳೆಯನ್ನು ಮೇಯುವದು ಸತ್ಯ, ಬಡವನಿಗಾಗುವ ನಷ್ಟವು ಸಣ್ಣದಲ್ಲ. ಆ ನಷ್ಟವನ್ನು ಅರಣ್ಯ ಇಲಾಖೆಯವರ ಮುಂದೆ ಎಲ್ಲರೂ ಕೂಡಿ ಹೇಳಿಕೊಳ್ಳಿರಿ. ಆದರೆ ಉರುಲನ್ನಾಗಲಿ ವಿಷವನ್ನಾಗಲಿ ಇಡಬೇಡಿರಿ. 1972ರ ವನ್ಯಜೀವಿ ಕಾಯಿದೆಯು ಅದನ್ನು ನಿಷೇಧಿಸುತ್ತದೆ. ಉಳಿದಿರುವ ಹುಲ್ಲುಗಾವಲನ್ನು ಉಳಿಸಿರಿ.

ನೋಹನು ನಾವೆಯನ್ನು ಕಟ್ಟಿದ್ದು ಮಳೆ ಸುರಿದ ಮೇಲಲ್ಲ, ಅದಕ್ಕೆ ಮುಂಚೆಯೇ. ಸಿವಂಗಿಯ ವಿಷಯದಲ್ಲಿ ನಮ್ಮ ಹಿರಿಯರು ತಡಮಾಡಿದರು. ಚಿಗರಿಯ ವಿಷಯದಲ್ಲಿ ನಮಗೆ ಇನ್ನೂ ಸಮಯವಿದೆ.